ಹರಿಯುವ ಅನಿಲದ ಮಾದರಿ



ನಾನು ಗ್ಯಾಸ್ ಕಂಪನಿಯಲ್ಲಿದ್ದೇನೆ ಎಂದರೆ ಊರಿನವರು ಸಿಲಿಂಡರ್ ಯಾವಾಗ ಬರುತ್ತದೆ ಎಂದು ಕೇಳುತ್ತಾರೆ. ನಮ್ಮದು ಸಿಲಿಂಡರಲ್ಲ, ನೆಲದಡಿಯ ಕೊಳವೆ. 2013ರಲ್ಲಿ ದಾಭೋಳದಿಂದ ಬೆಂಗಳೂರಿಗೆ ಬಂತಲ್ಲ, ಅಂಥದ್ದು. ಅದರಲ್ಲಿ ಹರಿಯುವ ನೈಸರ್ಗಿಕ ಅನಿಲವನ್ನು ಕಾರ್ಖಾನೆಗಳಿಗೆ ಮಾರುವುದು ಅದು ಕೊಡುವ ಶಾಖದ ಲೆಕ್ಕದಲ್ಲಿ. ಎಷ್ಟು ಹರಿಯಿತೆಂದು ಮೀಟರ್ ಹೇಳುತ್ತದೆ. ಅದರಲ್ಲಿ ಮೀಥೇನ್ ಎಷ್ಟು, ಈಥೇನ್, ಪ್ರೋಪೇನ್ ಎಷ್ಟು, ಉರಿಸಿದರೆ ಎಷ್ಟು ಶಾಖ ಎಂಬುದನ್ನು ಮಾದರಿ ಹೇಳಬೇಕು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವೆ. ಪಾತ್ರೆಯಲ್ಲಿ ನಿಂತ ಅನ್ನಕ್ಕೆ ಅದು ಸರಿ. ಹರಿಯುವುದಕ್ಕೆ ಸಾಲದು, ಈ ಗಳಿಗೆಯ ಅನಿಲ ಮುಂದಿನ ಗಳಿಗೆಯದಲ್ಲ.

ನಮ್ಮಲ್ಲಿ ಹಾಲಿನ ಡೈರಿಗೆ ಹಾಕದ ಮನೆ ಕಡಿಮೆ. ಬೆಳಿಗ್ಗೆ 6 ಲೀಟರ್, ಫ್ಯಾಟ್ 3.5, ಸಂಜೆ 2 ಲೀಟರ್, ಫ್ಯಾಟ್ 4.5 ಎಂದಿಟ್ಟುಕೊಳ್ಳಿ. ಎರಡರಿಂದಲೂ ಒಂದೊಂದು ಚಮಚ ಬೆರೆಸಿದರೆ 4 ಬರುತ್ತದೆ. ನಿಜವಾದ ಸರಾಸರಿ 3.75. ಬೆಳಗಿನದರಿಂದ ಮೂರು ಚಮಚ, ಸಂಜೆಯದರಿಂದ ಒಂದು ತೆಗೆದರೆ ಮಾತ್ರ ಲೆಕ್ಕ ಕೂಡುತ್ತದೆ. ಹರಿವಿಗೆ ತಕ್ಕ ಮಾದರಿ ಎಂದರೆ ಇಷ್ಟೇ. ಇಷ್ಟು ಘನ ಮೀಟರ್ ಹರಿದಾಗಲೆಲ್ಲ ಮೀಟರ್ ಒಂದು ಸಂಕೇತ ಕಳಿಸುತ್ತದೆ, ಸಣ್ಣ ಪಂಪು ಒಂದು ಗುಟುಕು ಅನಿಲ ತೆಗೆಯುತ್ತದೆ.

ನಾನು ಕಂಡ ಒಂದು ಅಳತೆ ಕೇಂದ್ರದಲ್ಲಿ ಆ ಸಂಕೇತದ ತಂತಿಯನ್ನೇ ಜೋಡಿಸಿರಲಿಲ್ಲ. ಯಂತ್ರ ಗಡಿಯಾರ ನೋಡಿಕೊಂಡು ಹಗಲೂ ರಾತ್ರಿ ಒಂದೇ ಸಮನೆ ಗುಟುಕು ತೆಗೆಯುತ್ತಿತ್ತು. ಕಾರ್ಖಾನೆಯ ಕುಲುಮೆಗಳು ಪೂರ್ತಿ ಉರಿಯುತ್ತಿದ್ದುದು ಹಗಲಲ್ಲಿ. ರಾತ್ರಿ ಹರಿವು ಕಡಿಮೆ, ಆದರೆ ಆಗ ಬರುತ್ತಿದ್ದುದು ಬೇರೆ ಮೂಲದ, ಹೆಚ್ಚು ಶಾಖದ ಅನಿಲ. ಬಿಲ್ಲು ಏರಿತು. ಕೊಳ್ಳುವವರ ಲೆಕ್ಕಿಗರೊಬ್ಬರು, ಎಂಜಿನಿಯರಲ್ಲ, ಉತ್ಪಾದನೆಗೂ ಬಿಲ್ಲಿಗೂ ತಾಳೆಯಾಗುತ್ತಿಲ್ಲವೆಂದು ಪಟ್ಟು ಹಿಡಿದರು. ತಂತಿ ಜೋಡಿಸಿದ ಮೇಲೆ ಮಾದರಿಯ ಶಾಖ ಇಳಿಯಿತು, ಬಿಲ್ಲೂ ಇಳಿಯಿತು. ಆದರೆ ಹಿಂದಿನ ತಿಂಗಳುಗಳ ಅನಿಲ ಆಗಲೇ ಉರಿದುಹೋಗಿತ್ತು, ಅದನ್ನು ಮತ್ತೆ ಅಳೆಯುವುದು ಹೇಗೆ? ಆ ಹಣದ ಮಾತುಕತೆ ಬಹಳ ಕಾಲ ಎಳೆಯಿತು.

ಪ್ರಮಾಣ ಸರಿಯಾದರೂ ತೆಗೆಯುವ ಜಾಗ ಸರಿಯಿರಬೇಕು. ಕೊಳವೆಯ ಗೋಡೆಗೆ ಎಣ್ಣೆ, ತುಕ್ಕು ಅಂಟಿರುತ್ತದೆ. ಅದಕ್ಕೇ ಮಾದರಿ ನಳಿಕೆಯ ತುದಿಯನ್ನು ಒಳಗಿನ ನಡುಭಾಗದವರೆಗೆ ಇಳಿಸುತ್ತೇವೆ. ಇನ್ನೊಂದು ಕಷ್ಟ ತಂಪಿನದು. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಾಗ ಬೆರಳಿಗೆ ತಣ್ಣಗಾಗುತ್ತದಲ್ಲ? ಹೆಚ್ಚಿನ ಒತ್ತಡದ ಅನಿಲವನ್ನು ಖಾಲಿ ಸಿಲಿಂಡರಿಗೆ ಬಿಟ್ಟರೂ ಹಾಗೆಯೇ, ಒತ್ತಡ ಕುಸಿದು ತಣ್ಣಗಾಗುತ್ತದೆ. ಬ್ಯೂಟೇನ್, ಪೆಂಟೇನ್‌ನಂಥ ಭಾರದ ಅಂಶಗಳು ದಾರಿಯಲ್ಲೇ ದ್ರವವಾಗಿ ಉಳಿದರೆ ಮಾದರಿ ಬಡವಾಗುತ್ತದೆ. ಈ ಸಲ ನಷ್ಟ ಮಾರುವವನಿಗೆ!

ಅದಕ್ಕಾಗಿ ನಮ್ಮ ಸಿಲಿಂಡರಿನೊಳಗೆ ಜಾರುವ ಪಿಸ್ಟನ್ ಇರುತ್ತದೆ. ಅದರ ಹಿಂದೆ ಕೊಳವೆಯಷ್ಟೇ ಒತ್ತಡದಲ್ಲಿ ಬೇರೊಂದು ಅನಿಲ ತುಂಬಿರುತ್ತೇವೆ. ಮಾದರಿ ಒಂದೊಂದೇ ಗುಟುಕು ಬಂದಂತೆ ಪಿಸ್ಟನ್ ಹಿಂದೆ ಸರಿಯುತ್ತದೆ, ಒತ್ತಡ ಎಲ್ಲೂ ಕುಸಿಯುವುದಿಲ್ಲ.

ಅಂಥದ್ದೊಂದು ಹಳೆಯ ಸಿಲಿಂಡರನ್ನು ಖಾಲಿ ಮಾಡಿ, ತೊಳೆದು ತಂದಿದ್ದೇನೆ. ವಿಜ್ಞಾನ ಕೊಠಡಿಯ ಮೇಜಿನ ಮೇಲಿದೆ. ಊಟವಾದ ಮೇಲೆ ಬನ್ನಿ, ಬಿಚ್ಚಿ ನೋಡೋಣ. ಎಂಟು ಕೆಲಸದ ಬೋಲ್ಟುಗಳಿವೆ, ಸ್ಪ್ಯಾನರ್ ಮಾತ್ರ ಒಂದೇ ಇದೆ.