ಮೀಟರು ಹೇಳಿದ್ದೆಲ್ಲ ನಿಜವೇ?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹರದನಹಳ್ಳಿಯ ಈ ಶಾಲೆಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದವನನ್ನು ಇಂದು ಮೈಕಿನ ಮುಂದೆ ನಿಲ್ಲಿಸಿದ್ದೀರಿ. ಪಂಪ್‌ಸೆಟ್ ರಿಪೇರಿ ನನ್ನ ಕಸುಬು. ದೊಡ್ಡ ವಿಷಯ ಮಾತನಾಡಲು ಬಾರದು. ನನ್ನ ಚೀಲದಲ್ಲಿರುವ ಈ ಮಲ್ಟಿಮೀಟರ್ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ತೋಟದಲ್ಲಿ ಸ್ಟಾರ್ಟರ್ ಬಿಚ್ಚಿದ್ದೆ. ಮೀಟರು ಸೊನ್ನೆ ತೋರಿಸಿತು. ಕರೆಂಟಿಲ್ಲವೆಂದು ಕೈ ಹಾಕುವುದರಲ್ಲಿದ್ದೆ. ತೋಟದ ಯಜಮಾನರು, "ತಡಿಯಪ್ಪ, ಒಂದ್ಸಲ ಬಲ್ಬ್ ಇಟ್ಟು ನೋಡು" ಎಂದರು. ಟೆಸ್ಟ್ ಲ್ಯಾಂಪ್ ಇಟ್ಟೆ; ಎರಡೂ ಬಲ್ಬು ಉರಿದವು! ತಪ್ಪು ನನ್ನದೇ. ಮೀಟರಿನ ಒಂದು ವೈರು ಪಿನ್ನಿನ ಬುಡದಲ್ಲಿ ಒಳಗೇ ತುಂಡಾಗಿತ್ತು. ಆ ಹಿರಿಯರು ಮಾತನಾಡದಿದ್ದರೆ ಇಂದು ನಾನು ಇಲ್ಲಿರುತ್ತಿರಲಿಲ್ಲ.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಕರೆಂಟು ಇದೆಯೆಂದು ಗೊತ್ತಿರುವ ಕಡೆ ಮೊದಲು ಮೀಟರು ಇಟ್ಟು ನೋಡಬೇಕು. ಆಮೇಲೆ ಕೆಲಸದ ಜಾಗದಲ್ಲಿ ನೋಡಬೇಕು. ಮತ್ತೆ ಮೊದಲಿನ ಜಾಗಕ್ಕೇ ಬಂದು ನೋಡಬೇಕು. ಮೂರೂ ಸರಿಯಿದ್ದರೆ ಮಾತ್ರ ಸೊನ್ನೆಯನ್ನು ನಂಬಬೇಕು.

ಇನ್ನು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು. ಮಕ್ಕಳೇ, ನೀವು ಸೆಲ್ಲು, ರೆಸಿಸ್ಟರ್‌ಗಳಲ್ಲಿ ಮಾತ್ರ ಮಾಡಿ. ಗೋಡೆಯ ಪ್ಲಗ್ಗಿನ ಹತ್ತಿರ ಹೋಗಬೇಡಿ.

ಮೊದಲು ಮೀಟರಿನ ಒಳಗಿನ ಬ್ಯಾಟರಿ ನೋಡಿ. ಅದು ಇಳಿದರೆ ಅಗ್ಗದ ಮೀಟರುಗಳು ಇರುವುದಕ್ಕಿಂತ ಹೆಚ್ಚು ತೋರಿಸತೊಡಗುತ್ತವೆ. ಆಮೇಲೆ 200 ಓಮ್‌ಗೆ ತಿರುಗಿಸಿ ಎರಡು ಪಿನ್ನುಗಳನ್ನು ತಾಗಿಸಿ, ವೈರುಗಳನ್ನು ಅಲ್ಲಾಡಿಸಿ. ಸೊನ್ನೆಯ ಹತ್ತಿರದ ಅಂಕಿ ನಿಲ್ಲದೆ ಕುಣಿದರೆ ವೈರು ಬದಲಾಯಿಸಿ. ಮೂರನೆಯದಾಗಿ, ಶೇಕಡಾ 1ರ ನಿಖರತೆಯ 1000 ಓಮ್ ರೆಸಿಸ್ಟರ್ ಅಳೆಯಿರಿ. ಅದರ ಕೊನೆಯ ಪಟ್ಟಿ ಕಂದು ಬಣ್ಣದ್ದು. ಬೆಲೆ ಬಹಳ ಕಡಿಮೆ. ಸಾಮಾನ್ಯ ಮೀಟರು 980ರಿಂದ 1020ರೊಳಗೆ ತೋರಿಸಿದರೆ ಸಾಕು. ಹೊಸ ಸೆಲ್ಲು 1.5 ವೋಲ್ಟಿಗಿಂತ ತುಸು ಹೆಚ್ಚೇ ತೋರಿಸುತ್ತದೆ, ಆದ್ದರಿಂದ ಅದು ಅಳತೆಗೋಲಲ್ಲ. ಆದರೆ ಒಂದೇ ಸೆಲ್ಲನ್ನು ಮೂರು ಮೀಟರುಗಳಲ್ಲಿ ನೋಡಿದರೆ ಯಾವುದು ದಾರಿ ತಪ್ಪಿದೆ ಎಂಬುದರ ಸುಳಿವು ಸಿಗುತ್ತದೆ.

ಮೀಟರಿನ ಜೊತೆ ಬರುವ ಕೈಪಿಡಿಯನ್ನೂ ಓದಿ. ಎಸಿ ವೋಲ್ಟೇಜಿಗೆ "ಶೇಕಡಾ 1.2 ಮತ್ತು 10 ಅಂಕಿ" ಎಂದಿದ್ದರೆ, 230 ವೋಲ್ಟನ್ನು ಅದು 217 ಎಂದೂ ತೋರಿಸಬಹುದು, 243 ಎಂದೂ ತೋರಿಸಬಹುದು; ಎರಡೂ ತಪ್ಪಲ್ಲ! ವೋಲ್ಟೇಜ್ ಕಡಿಮೆಯೆಂದು ಹೇಳಿ ರೈತನ ಕೈಯಲ್ಲಿ ಸ್ಟೆಬಿಲೈಸರ್ ಕೊಳ್ಳಿಸುವ ಮುನ್ನ ಇದು ನೆನಪಿರಬೇಕು.

ಮನೆಯ ಪರೀಕ್ಷೆ ಕೆಟ್ಟ ಮೀಟರನ್ನು ಹಿಡಿದುಕೊಡುತ್ತದೆ, ಆದರೆ ಒಳ್ಳೆಯ ಮೀಟರಿಗೆ ಪ್ರಮಾಣಪತ್ರ ಕೊಡಲಾರದು. ಅದಕ್ಕೆ ಪ್ರಯೋಗಾಲಯಗಳೇ ಬೇಕು. ದೇಶದ ಮೂಲ ಅಳತೆಗಳು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿವೆ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆಯನ್ನು ಇದೇ ಶಾಲೆಯಲ್ಲಿ ವಿಸ್ತರಿಸಿ ಬರೆದು ಅಂಕ ತೆಗೆದುಕೊಂಡಿದ್ದೆ. ಅದರ ಅರ್ಥ ತಿಳಿದದ್ದು ಮಾತ್ರ ಆ ತೋಟದಲ್ಲಿ. ನೀವು ಅಷ್ಟು ತಡಮಾಡಬೇಡಿ.