ಗುಣವಾಗಿ ಬಂದವರನ್ನು ವಿಚಾರಿಸೋಣ



ಸ್ತನದ ಕ್ಯಾನ್ಸರ್ ಗುಣವಾಗಿ ಲೈನು ಮನೆಗೆ ಮರಳಿದ ಅಕ್ಕಂದಿರನ್ನು ನಾವು “ಚೆನ್ನಾಗಿದ್ದೀರಾ?” ಎಂದಷ್ಟೇ ಕೇಳುತ್ತೇವೆ. ಕೂಲಿ ತಪ್ಪೀತೆಂಬ ಭಯದಿಂದ ಅವರು “ಹೌದು” ಎನ್ನುತ್ತಾರೆ. ಇನ್ನು ಮುಂದೆ ಕೆಲಸದ ಮಾತನ್ನೇ ಕೇಳೋಣ. ತಲೆ ಬಾಚಲು ಕೈ ಮೇಲೇಳುತ್ತದೆಯೇ? ನೀರಿನ ಕೊಡ ಎತ್ತಲಾಗುತ್ತದೆಯೇ? ರವಿಕೆಯ ಗುಂಡಿ, ಟೀ ಚಿಗುರು ಬೆರಳಿಗೆ ಸಿಗುತ್ತವೆಯೇ?

ಆಪರೇಷನ್ನಿನಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ವರ್ಷಗಳ ನಂತರವೂ ಕೈ ಊದಬಹುದು. ಕೆಲವು ಔಷಧಿಗಳಿಂದ ಬೆರಳು ಜೋಮು ಹಿಡಿಯಬಹುದು. ಇದು ಸೋಮಾರಿತನವಲ್ಲ.

ಒಂದಕ್ಕಾದರೂ “ಆಗುವುದಿಲ್ಲ” ಎಂದರೆ, ಜೊತೆಯಲ್ಲಿ ಹೋಗಿ ವೈದ್ಯರಿಗೆ ತೋರಿಸೋಣ. ಆಕ್ಯುಪೇಷನಲ್ ಥೆರಪಿಗೆ ಚೀಟಿ ಕೇಳೋಣ. ದಿನದ ಕೆಲಸಗಳನ್ನು ಇರುವ ಶಕ್ತಿಯಲ್ಲೇ ಮಾಡಿಕೊಳ್ಳುವ ಬಗೆಯನ್ನು ಅಲ್ಲಿ ಕಲಿಸುತ್ತಾರೆ. ಅವರು ತಾವಾಗಿ ಹೇಳಲಾರರು, ಕೇಳಬೇಕಾದವರು ನಾವು.