ನಮ್ಮ ಪದ್ಮಿನಿಗೂ ಐವತ್ತು ತುಂಬಲಿ

(ಮಹಿಳಾ ವಿಭಾಗದ ಅರಸಿನ ಕುಂಕುಮ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ವೇದಿಕೆಯಲ್ಲಿ ಆರೋಗ್ಯ, ಹೂಡಿಕೆ, ಮಕ್ಕಳ ಓದಿನ ಬಗ್ಗೆ ಒಳ್ಳೆಯ ಉಪನ್ಯಾಸಗಳು ಆಗಿವೆ. ನಾನು ಆರಿಸಿಕೊಂಡ ವಿಷಯ ಹಳೆಯ ಕಾರುಗಳನ್ನು ಗುರುತಿಸುವ ಹವ್ಯಾಸ. ಇದನ್ನು ತಿಳಿಸಿದಾಗ ಹಿರಿಯರೊಬ್ಬರು, "ಅದು ಗಂಡಸರ ವಿಷಯ ಅಲ್ವಾ ಅಮ್ಮ?" ಎಂದು ನಕ್ಕರು. ಅವರಿಗೆ ಉತ್ತರವಾಗಿ ಒಬ್ಬ ಹೆಂಗಸಿನ ಕತೆ ಹೇಳುತ್ತೇನೆ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ತಾ ಬೆಂಜ್, ಗಂಡನಿಗೆ ಹೇಳದೆ, ಅವನು ತಯಾರಿಸಿದ್ದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ಸುಮಾರು ನೂರು ಕಿಲೋಮೀಟರ್. ದಾರಿಯಲ್ಲಿ ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಅವಳು ಹೊರಟಿದ್ದು ತಾಯಿಯ ಮನೆಗೆ. ಅಂದರೆ, ಮೋಟಾರು ಗಾಡಿಯಲ್ಲಿ ಮೊದಲ ದೂರಪ್ರಯಾಣ ಮಾಡಿದವಳು ತವರಿಗೆ ಹೊರಟ ಒಬ್ಬ ಗೃಹಿಣಿ. ಹಾಗಾಗಿ ವಿಷಯ ನಮ್ಮದೇ.

ಮೊದಲು ಎರಡು ಪದಗಳು. "ವಿಂಟೇಜ್" ಎಂದು ಎಲ್ಲ ಹಳೆಯ ಕಾರನ್ನೂ ಕರೆಯುತ್ತೇವೆ. ಹವ್ಯಾಸಿಗಳ ಲೆಕ್ಕದಲ್ಲಿ ಮೊದಲ ಮಹಾಯುದ್ಧ ಮುಗಿದಂದಿನಿಂದ 1930ರವರೆಗಿನವು ವಿಂಟೇಜ್. ಅದಕ್ಕಿಂತ ಈಚಿನ, ಆದರೆ ಈಗ ತಯಾರಾಗದ, ಜನ ಜೋಪಾನ ಮಾಡುವ ಕಾರುಗಳನ್ನು ಸಾಮಾನ್ಯವಾಗಿ ಕ್ಲಾಸಿಕ್ ಎನ್ನುತ್ತಾರೆ. ನಮ್ಮ ಸರ್ಕಾರದ ಲೆಕ್ಕ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮುಂಬಯಿಯಲ್ಲಿ ಇವನ್ನು ನೋಡಲು ಸುಲಭದ ದಾರಿ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ರ್‍ಯಾಲಿ. ಹಲವು ಬಾರಿ ಅದು ಫೋರ್ಟ್‌ನ ಹಾರ್ನಿಮನ್ ಸರ್ಕಲ್‌ನಿಂದ ಹೊರಟಿದೆ. ಭಾನುವಾರ ಬೆಳಿಗ್ಗೆ ಘಾಟ್ಕೋಪರ್‌ನಿಂದ ಸಿಎಸ್‌ಎಂಟಿ ಲೋಕಲ್ ಹಿಡಿದರೆ, ಇಳಿದು ನಡೆದೇ ಹೋಗಬಹುದು. ಕಾರುಗಳು ಹೊರಡುವ ಒಂದು ಗಂಟೆ ಮೊದಲು ಹೋಗಿ. ಓಡುವ ಕಾರಿಗಿಂತ ನಿಂತ ಕಾರು ಹೆಚ್ಚು ಕತೆ ಹೇಳುತ್ತದೆ. ಕೇಳದೆ ಮುಟ್ಟಬೇಡಿ, ಹೆಗಲಿನ ಬ್ಯಾಗಿನ ಬಕ್ಕಲ್ ಬಣ್ಣಕ್ಕೆ ತಾಗದಂತೆ ನೋಡಿಕೊಳ್ಳಿ. ಮಾಲೀಕರ ಜೊತೆ ಫೋಟೋ ತೆಗೆಸಿಕೊಳ್ಳಿ, ಆದರೆ ಮಾತನಾಡುವುದಾದರೆ ಪಕ್ಕದಲ್ಲಿ ಬಟ್ಟೆ ಹಿಡಿದು ನಿಂತ ಮೆಕ್ಯಾನಿಕ್ ಜೊತೆ ಮಾತನಾಡಿ. ಯಾವ ಬಿಡಿಭಾಗ ಚೋರ್ ಬಜಾರಿನಲ್ಲಿ ಸಿಕ್ಕಿತು, ಯಾವುದನ್ನು ಕೈಯಲ್ಲೇ ಕಡೆದು ಮಾಡಿದ್ದು ಎಂದು ಹೇಳುವವರು ಅವರು.

ಊರಿಗೆ ಹೋದಾಗ ನೋಡಬೇಕೆಂದರೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ನಿಮಗೆಲ್ಲ ಗೊತ್ತೇ ಇದೆ. ದೇವರ ದರ್ಶನ ಮುಗಿಸಿ ಅಲ್ಲಿನ ಕಾರುಗಳನ್ನು ನೋಡದೆ ಬರುವ ಮಕ್ಕಳು ಕಡಿಮೆ. ಡಾ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳಿಗಾಗಿ ಶ್ರೀರಂಗಪಟ್ಟಣದ ಬಳಿ "ಪಯಣ" ಎಂಬ ಮ್ಯೂಸಿಯಂ ಕೂಡ ಆಗಿದೆ.

ಇವೆಲ್ಲ ಪ್ರದರ್ಶನದ ಮಾತು. ನನಗೆ ಹೆಚ್ಚು ಇಷ್ಟ ರಸ್ತೆಯಲ್ಲಿ ಗುರುತಿಸುವುದು. ಹತ್ತು ವರ್ಷದಿಂದ ಎಕ್ಸೆಲ್‌ನಲ್ಲಿ ಒಂದು ಪಟ್ಟಿ ಇಟ್ಟಿದ್ದೇನೆ: ದಿನಾಂಕ, ಜಾಗ, ಕಾರು, ಅದರ ಸ್ಥಿತಿ. ಐಟಿಯವರ ಚಾಳಿ ಎಂದುಕೊಳ್ಳಿ. ನಿಮಗೂ ಕೆಲವು ಗುರುತು ಹೇಳುತ್ತೇನೆ. ಬಾನೆಟ್ ಎತ್ತಿದರೆ ಮುಂಭಾಗದ ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮೇಲೆದ್ದರೆ ಅದು ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಗುಂಡಗೆ ಉಬ್ಬಿದ ಮೈ, ಮುಂದಿನ ಬಾಗಿಲಿನ ಕೀಲು ನಡುಗಂಬದಲ್ಲಿದ್ದು ಬಾಗಿಲು ಹಿಂದಕ್ಕೆ ತೆರೆದುಕೊಂಡರೆ ಅದು 1950ರ ದಶಕದ ಫಿಯೆಟ್ 1100. ಮುಂಬಯಿಯವರು ಪ್ರೀತಿಯಿಂದ ಅದನ್ನು "ಡುಕ್ಕರ್ ಫಿಯೆಟ್" ಎನ್ನುತ್ತಾರೆ. ಡುಕ್ಕರ್ ಎಂದರೆ ಮರಾಠಿಯಲ್ಲಿ ಹಂದಿ. ಮೈ ಚೌಕವಾಗಿ, ಹಿಂಭಾಗದ ಎರಡು ಅಂಚು ಸಣ್ಣ ರೆಕ್ಕೆಯಂತೆ ಎದ್ದು, ಮುಂದಿನ ಕಿಟಕಿಯ ಮೂಲೆಯಲ್ಲಿ ತಿರುಗಿಸಬಹುದಾದ ತ್ರಿಕೋನ ಗಾಜಿದ್ದರೆ ಅದು ನಮ್ಮ ಪದ್ಮಿನಿ ಅಥವಾ ಅದರ ಅಕ್ಕ ಫಿಯೆಟ್ ಡಿಲೈಟ್.

"ನಮ್ಮ" ಪದ್ಮಿನಿ ಎಂದು ಸುಮ್ಮನೆ ಹೇಳಲಿಲ್ಲ. ಘಾಟ್ಕೋಪರ್‌ನಿಂದ ಲೋಕಲ್‌ನಲ್ಲಿ ವಿದ್ಯಾವಿಹಾರ್ ದಾಟಿದರೆ ಕುರ್ಲಾ. ಅಲ್ಲಿನ ಎಲ್‌ಬಿಎಸ್ ಮಾರ್ಗದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ಇತ್ತು. ವಾಲ್‌ಚಂದ್ ಹೀರಾಚಂದ್ ಅದನ್ನು ಸ್ಥಾಪಿಸಿದ್ದು 1944ರಲ್ಲಿ. 1947ರಲ್ಲಿ ಅಲ್ಲಿಂದ ಕಾರುಗಳು ಹೊರಬರತೊಡಗಿದವು. ಮೊದಲು ಕ್ರೈಸ್ಲರ್ ಕಂಪನಿಯ ಅಮೆರಿಕನ್ ಕಾರುಗಳು, ಆಮೇಲೆ ಇಟಲಿಯ ಫಿಯೆಟ್. 1964ರ ಡಿಲೈಟ್ ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, ನಂತರ ಪ್ರೀಮಿಯರ್ ಪದ್ಮಿನಿ ಆಯಿತು. ಹೆಸರು ಚಿತ್ತೋಡದ ರಾಣಿಯದು, 1089 ಸಿಸಿ ಎಂಜಿನ್ ಮಾತ್ರ ಇಟಲಿಯ ವಿನ್ಯಾಸದ್ದು.

ಇದರ ಹಿಂದೆ ಒಬ್ಬ ಕನ್ನಡಿಗರೂ ಇದ್ದಾರೆ. ಭಾರತದಲ್ಲೇ ಕಾರು ತಯಾರಾಗಬೇಕು ಎಂದು ಹಟ ಹಿಡಿದವರಲ್ಲಿ ಮೊದಲಿಗರು ಸರ್ ಎಂ. ವಿಶ್ವೇಶ್ವರಯ್ಯ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪ್ ಮತ್ತು ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಮುಂಬಯಿಯಲ್ಲಿ ಒಂದು ಕಾರ್ಖಾನೆಗೆ ಯೋಜನೆ ಸಿದ್ಧಪಡಿಸಿದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಆ ಕನಸನ್ನು ಕೈಗೆತ್ತಿಕೊಂಡವರಲ್ಲಿ ವಾಲ್‌ಚಂದ್ ಒಬ್ಬರು. ಅದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. ಇಂದಿನ ಎಚ್‌ಎಎಲ್ ಅದೇ. ಕುರ್ಲಾ ಮತ್ತು ಬೆಂಗಳೂರಿನ ನಡುವೆ ಇಂಥ ಒಂದು ನಂಟಿದೆ ಎಂದು ನಮ್ಮ ಮಕ್ಕಳಿಗೆ ಯಾರೂ ಹೇಳಿಲ್ಲ. ಈಗ ಆ ಕಾರ್ಖಾನೆಯ ಜಾಗದಲ್ಲಿ ವಸತಿ ಸಂಕೀರ್ಣಗಳು ಎದ್ದಿವೆ. ಪ್ರೀಮಿಯರ್ ರೋಡ್ ಎಂಬ ಹೆಸರು ಮಾತ್ರ ಉಳಿದಿದೆ.

ಸುಮಾರು 2000ದ ಹೊತ್ತಿಗೆ ಪದ್ಮಿನಿಯ ತಯಾರಿಕೆ ನಿಂತಿತು. ಕಪ್ಪು ಹಳದಿ ಟ್ಯಾಕ್ಸಿಯಾಗಿ ಮಾತ್ರ ಅದು ಉಳಿದುಕೊಂಡಿತು. ಮುಂಬಯಿಯಲ್ಲಿ ಟ್ಯಾಕ್ಸಿಯ ಆಯುಷ್ಯ 20 ವರ್ಷ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾಗಿದ್ದು 2003ರ ಅಕ್ಟೋಬರ್ 29ರಂದು. ಹಾಗಾಗಿ 2023ರ ಅಕ್ಟೋಬರ್ 30ರಿಂದ ಅಧಿಕೃತವಾಗಿ ಒಂದೂ ಇಲ್ಲ. ಅದಕ್ಕೆ ಒಂದೂವರೆ ತಿಂಗಳು ಮುಂಚೆ ಬೆಸ್ಟ್‌ನ ಡೀಸೆಲ್ ಡಬಲ್ ಡೆಕ್ಕರ್ ಬಸ್ಸೂ ನಿಂತಿತ್ತು. ನನ್ನ ಪಟ್ಟಿಯಲ್ಲಿ ಅಲ್ಲಿಯವರೆಗೆ ತಿಂಗಳಿಗೆ ಹತ್ತಾರು ಸಾಲು ತುಂಬುತ್ತಿದ್ದ ಪದ್ಮಿನಿ, ಈಗ ತಿಂಗಳಿಗೆ ಒಂದು ಸಿಕ್ಕರೆ ಹೆಚ್ಚು.

ಈಗ ಸರ್ಕಾರದ ಲೆಕ್ಕಕ್ಕೆ ಬರೋಣ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪ ಹೆಚ್ಚು ಬದಲಾಗಿರಬಾರದು, ವ್ಯಾಪಾರಕ್ಕೆ ಬಳಸಬಾರದು. ಅಂಥ ವಾಹನಕ್ಕೆ "ವಿಎ" ಅಕ್ಷರಗಳಿರುವ ವಿಶೇಷ ನಂಬರ್ ಪ್ಲೇಟ್. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ, ಮರುನೋಂದಣಿಗೆ 5,000 ಎಂದು ಆ ನಿಯಮದಲ್ಲಿದೆ. ದಿನನಿತ್ಯ ಓಡಿಸುವಂತಿಲ್ಲ. ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಇಂಥ ಕಾರಣಕ್ಕೆ ರಸ್ತೆಗೆ ತರಬಹುದು. ಒಳ್ಳೆಯ ನಿಯಮ.

ಆದರೆ ಐವತ್ತು ತುಂಬುವವರೆಗೆ ಕಾರು ಎಲ್ಲಿರಬೇಕು? ಪ್ರಶ್ನೆ ಇರುವುದು ಇಲ್ಲಿ. ಖಾಸಗಿ ಕಾರಿಗೆ ಹದಿನೈದು ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ಫಿಟ್‌ನೆಸ್ ತಪಾಸಣೆ, ನವೀಕರಣ, ಹಸಿರು ತೆರಿಗೆ. ಹದಿನೈದರಿಂದ ಐವತ್ತರವರೆಗಿನ ಮೂವತ್ತೈದು ವರ್ಷ ಅದು ಹೊಸದೂ ಅಲ್ಲ, ಪರಂಪರೆಯೂ ಅಲ್ಲ, ಬರೀ ಹಳೆಯದು. ಮಹಾರಾಜರ ರೋಲ್ಸ್‌ರಾಯ್ಸ್‌ಗೆ ಆ ಕಾಲ ಕಳೆಯಲು ಅರಮನೆಯ ಗ್ಯಾರೇಜ್ ಇತ್ತು, ಆಳುಕಾಳು ಇದ್ದರು. ಮಧ್ಯಮ ವರ್ಗದ ಪದ್ಮಿನಿಗೆ ಇದ್ದದ್ದು ಸೊಸೈಟಿಯ ಕಾಂಪೌಂಡು. ಅದಕ್ಕೇ ಪ್ರದರ್ಶನಗಳಲ್ಲಿ ರಾಜರ ಕಾರು ಸಾಲುಸಾಲು ಕಾಣುತ್ತವೆ, ನಮ್ಮ ಅಪ್ಪಂದಿರ ಕಾರು ಕಾಣುವುದು ಅಪರೂಪ.

ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿದೆ. ಘಾಟ್ಕೋಪರ್‌ನಲ್ಲಿ ಸಣ್ಣ ಹೋಟೆಲ್ ನಡೆಸುತ್ತಿದ್ದ ಅಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 1978ರ ಪದ್ಮಿನಿ ನಮ್ಮದು. ಅದನ್ನು ಹೆಚ್ಚು ಓಡಿಸಿದ್ದು ಅಮ್ಮ. ಗೇರು ಸ್ಟೀರಿಂಗ್ ಪಕ್ಕದಲ್ಲಿ, ಮುಂದಿನ ಸೀಟು ಬೆಂಚಿನಂತೆ ಉದ್ದಕ್ಕೆ. ಬೆಳಗಿನ ಜಾವ ತರಕಾರಿ ಮೂಟೆ ಹೇರಿಕೊಂಡು ಬಂದು, ಅದೇ ಕಾರಿನಲ್ಲಿ ನಮ್ಮನ್ನು ಶಾಲೆಗೆ ಬಿಡುತ್ತಿದ್ದರು. ಕ್ಲಾಸಿನಲ್ಲಿ ನನ್ನ ಯೂನಿಫಾರಮ್ಮಿಗೆ ಕೊತ್ತಂಬರಿ ಸೊಪ್ಪಿನ ವಾಸನೆ ಇರುತ್ತಿತ್ತು. ಅಪ್ಪ ಈಗಿಲ್ಲ. ನಮ್ಮ ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದೆ. ಹೊಸ ಕಟ್ಟಡದಲ್ಲಿ ಫ್ಲ್ಯಾಟಿಗೆ ಒಂದೇ ಪಾರ್ಕಿಂಗ್, ಅದೂ ಯಂತ್ರದಲ್ಲಿ ಮೇಲೇರಿಸುವಂಥದ್ದು. ಕಾರಿಗೆ ಐವತ್ತು ತುಂಬುವುದು 2028ರಲ್ಲಿ. ಗುಜರಿಯವನು ಎರಡು ಸಲ ಬಂದು ನೋಡಿ ಹೋಗಿದ್ದಾನೆ. ತಮ್ಮ, "ಅಕ್ಕ, ಭಾವನೆಗೆ ಬಾಡಿಗೆ ಯಾರು ಕಟ್ಟುವುದು?" ಎಂದು ಕೇಳುತ್ತಾನೆ. ಅವನ ಪ್ರಶ್ನೆ ತಪ್ಪಲ್ಲ. ಊರಿನ ಮನೆಯ ಕೊಟ್ಟಿಗೆಗೆ ಸಾಗಿಸಿದರೆ ಕರಾವಳಿಯ ಮಳೆಗೆ ತಗಡು ತುಕ್ಕು ತಿನ್ನುತ್ತದೆ. ಇಲ್ಲೇ ಗ್ಯಾರೇಜ್ ಹಿಡಿದರೆ ತಿಂಗಳ ಖರ್ಚು. ಅಮ್ಮ ಒಂದೇ ಮಾತು ಹೇಳಿದರು: "ಕೊಡುವುದಾದರೆ ಕೊಡಿ. ಆದರೆ ಅದು ಕೆಲಸ ಮಾಡಿದ ಗಾಡಿ, ಕಸ ಅಂತ ಹೇಳಿ ಕೊಡಬೇಡಿ." ನಾನು ಲೆಕ್ಕ ಹಾಕಿದ್ದೇನೆ. 2028ರವರೆಗೆ ಗ್ಯಾರೇಜಿನ ಬಾಡಿಗೆ ನನ್ನ ಸಂಬಳದಿಂದ ಕೊಡುವುದೆಂದು ತಮ್ಮನಿಗೆ ಹೇಳಿದ್ದೇನೆ. ಅವನು ಇನ್ನೂ ಒಪ್ಪಿಲ್ಲ, ಗುಜರಿಯವನಿಗೆ ಹೂಂ ಎಂದೂ ಹೇಳಿಲ್ಲ.

ಎಲ್ಲರೂ ಕಾರು ಉಳಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಈ ಊರಿನಲ್ಲಿ ಮನುಷ್ಯರಿಗೇ ಜಾಗವಿಲ್ಲ. ಆದರೆ ಮೂರು ಕೆಲಸ ಎಲ್ಲರಿಂದಲೂ ಆಗುತ್ತದೆ. ಒಂದು, ಮನೆಯ ಹಳೆಯ ಆಲ್ಬಮ್ ತೆಗೆದು ಕಾರಿನ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಹುಡುಕಿ, ಹಿಂಬದಿಯಲ್ಲಿ ಕಾರಿನ ಹೆಸರು, ವರ್ಷ ಬರೆದಿಡಿ. ಎರಡು, ನಮ್ಮ ನಡುವೆ ಟ್ಯಾಕ್ಸಿ ಓಡಿಸಿದವರು, ಪ್ರೀಮಿಯರ್‌ನಲ್ಲಿ ದುಡಿದವರು, ಗ್ಯಾರೇಜ್ ನಡೆಸಿದವರು ಇದ್ದರೆ ಅವರ ಮಾತನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ. ಮೂರು, ಕಾರು ಕೊಡಲೇಬೇಕಾದರೆ ಗುಜರಿಗೆ ಮೊದಲು ಕ್ಲಬ್ಬಿನವರನ್ನೋ ಹವ್ಯಾಸಿಗಳನ್ನೋ ಕೇಳಿ. ಇಡೀ ಗಾಡಿ ಬೇಡವಾದರೂ ಅದರ ಬಾಗಿಲು, ದೀಪ, ಗೇರಿನ ಹಿಡಿ ಇನ್ನೊಂದು ಪದ್ಮಿನಿಯನ್ನು ಬದುಕಿಸಬಹುದು. ಜಾಲತಾಣದಲ್ಲಿ ಫೋಟೋ ಹಾಕುವಾಗ ಬೇರೆಯವರ ನಂಬರ್ ಪ್ಲೇಟ್ ಮರೆಮಾಡಿ.

ರಾಜರ ಕಾರುಗಳ ಚರಿತ್ರೆ ಬರೆಯಲು ಜನ ಇದ್ದಾರೆ. ತರಕಾರಿ ಹೊತ್ತ, ಬಾಣಂತಿಯನ್ನು ಆಸ್ಪತ್ರೆಯಿಂದ ಮನೆಗೆ ತಂದ, ಗಣೇಶನನ್ನು ಮಡಿಲಲ್ಲಿ ಕೂರಿಸಿಕೊಂಡು ಬಂದ ಕಾರುಗಳ ಚರಿತ್ರೆ ನಮ್ಮ ನೆನಪಿನಲ್ಲಷ್ಟೇ ಇದೆ. ಅದನ್ನು ನಾವೇ ಬರೆದಿಡೋಣ.